ಹೊಳೆಗೆ ಪಹಣಿ ಇಲ್ಲ: ನೇಪಾಳದ ಮಾಝಿಗಳ ನಷ್ಟ ಯಾರ ಲೆಕ್ಕಕ್ಕೂ ಬರುತ್ತಿಲ್ಲ, ಯಾಕೆ?

ಕಠ್ಮಂಡುವಿನಿಂದ ಚೀನಾ ಗಡಿ ಕಡೆಗೆ ಹೋಗುವ ಅರನಿಕೊ ಹೆದ್ದಾರಿಯಲ್ಲಿ ದೋಲಾಲ್‌ಘಾಟ್ ಅಂತ ಒಂದು ಊರಿದೆ. ಇಂದ್ರಾವತಿ ಮತ್ತು ಸುನ್‌ಕೋಶಿ ಹೊಳೆಗಳು ಸೇರುವ ಜಾಗ. ಬಸ್ಸುಗಳು ನಿಲ್ಲುತ್ತವೆ, ಜನ ಇಳಿದು ಕರಿದ ಮೀನು ತಿನ್ನುತ್ತಾರೆ. ರಾಫ್ಟಿಂಗ್‌ಗೆ ಬಂದವರು ಇಲ್ಲೇ ನೀರಿಗಿಳಿದು ಸುಮಾರು 270 ಕಿಲೋಮೀಟರ್ ದೂರದ ಚತರಾವರೆಗೆ ತೇಲಿಕೊಂಡು ಹೋಗುತ್ತಾರೆ. ಊರಿನ ಹೆಸರಲ್ಲೇ ಘಾಟ್ ಇದೆ ನೋಡಿ. ಅಂದರೆ ಇದು ಒಂದು ಕಾಲಕ್ಕೆ ದೋಣಿ ಹಾಯಿಸುವ ಕಡವು. 1960ರ ದಶಕದಲ್ಲಿ ಚೀನಾದ ನೆರವಿನಿಂದ ಹೆದ್ದಾರಿ ಬಂತು, ಜೊತೆಗೆ ಸೇತುವೆಯೂ ಬಂತು. ಘಾಟ್ ಅನ್ನೋದು ಬರೀ ಹೆಸರಲ್ಲಿ ಉಳಿಯಿತು.

ಆ ಕಡವಿನ ದೋಣಿಗಳನ್ನು ನಡೆಸುತ್ತಿದ್ದವರು ಮಾಝಿಗಳು. ಸುನ್‌ಕೋಶಿ, ತಾಮಾಕೋಶಿ, ದೂಧ್‌ಕೋಶಿ, ಇಂದ್ರಾವತಿ, ಲಿಖು, ಅರುಣ್, ತಮೋರ್ ಈ ಏಳೂ ಸೇರಿ ಸಪ್ತಕೋಶಿ ಆಗುತ್ತದೆ. ಈ ಹೊಳೆಗಳ ದಂಡೆಯಲ್ಲೇ ಮಾಝಿಗಳ ಹೆಚ್ಚಿನ ಹಳ್ಳಿಗಳಿವೆ: ಸಿಂಧುಪಾಲ್‌ಚೋಕ್, ಕಾಭ್ರೆ, ರಾಮೆಛಾಪ್, ಸಿಂಧುಲಿ, ಓಖಲ್‌ಢುಂಗಾ, ಖೋಟಾಂಗ್, ಉದಯಪುರ. 2011ರ ಜನಗಣತಿ ಪ್ರಕಾರ ಅವರ ಸಂಖ್ಯೆ ಸುಮಾರು 84 ಸಾವಿರ. ಅವರಲ್ಲಿ ಮಾಝಿ ಭಾಷೆಯನ್ನು ತಾಯ್ನುಡಿ ಅಂತ ಬರೆಸಿದವರು 24 ಸಾವಿರದಷ್ಟು. ನೇಪಾಳ ಸರ್ಕಾರ 2002ರ ಕಾನೂನಿನಲ್ಲಿ 59 ಸಮುದಾಯಗಳನ್ನು ಆದಿವಾಸಿ ಜನಜಾತಿ ಅಂತ ಗುರುತಿಸಿತು. ಅವುಗಳನ್ನು ಐದು ದರ್ಜೆ ಮಾಡಿದಾಗ ಮಾಝಿಗಳು ಸೇರಿದ್ದು 'ಅತಿ ಅಂಚಿನ' ದರ್ಜೆಗೆ.

ಮುಂದೆ ಹೋಗುವ ಮೊದಲು ಒಂದು ಗೊಂದಲ ಬಿಡಿಸಬೇಕು. ಮಾಝಿ ಅಂದ ತಕ್ಷಣ ನಮ್ಮಲ್ಲಿ ಹಲವರಿಗೆ ಒಡಿಶಾದ ಮುಖ್ಯಮಂತ್ರಿ ಮೋಹನ್ ಚರಣ್ ಮಾಝಿ ನೆನಪಾಗುತ್ತಾರೆ. ಅವರು ಸಂತಾಲರು. ಸಂತಾಲರಲ್ಲಿ ಮಾಝಿ ಅಂದರೆ ಊರ ಮುಖ್ಯಸ್ಥ. ಬೆಟ್ಟ ಕಡಿದು ದಾರಿ ಮಾಡಿದ ಬಿಹಾರದ ದಶರಥ ಮಾಂಝಿ ಮುಸಹರ್ ಜಾತಿಯವರು. ಗಂಗಾ ಬಯಲಿನಲ್ಲಿ ದೋಣಿ ನಡೆಸುವ ಯಾರನ್ನು ಬೇಕಾದರೂ ಮಾಝಿ ಅಂತ ಕರೆಯುವುದುಂಟು. ಕೇವಟ್, ಮಲ್ಲಾಹ್, ನಿಷಾದ್ ಎಲ್ಲರೂ ಅದರಲ್ಲಿ ಬರುತ್ತಾರೆ. ಹೆಸರು ಒಂದೇ, ಜನ ಬೇರೆ ಬೇರೆ. ಇಲ್ಲಿ ಹೇಳುತ್ತಿರುವುದು ನೇಪಾಳದ ಬೆಟ್ಟಗಳ ನಡುವಿನ ಹೊಳೆದಂಡೆಯ ಮಾಝಿಗಳ ಬಗ್ಗೆ.

ಅವರ ಹಳೆಯ ಆರ್ಥಿಕತೆ ನಮಗೆ ಅಷ್ಟೇನೂ ಅಪರಿಚಿತ ಅಲ್ಲ. ಒಂದೇ ಮರದ ದಿಮ್ಮಿ ಕೊರೆದು ಮಾಡಿದ ದೋಣಿ, ಅದಕ್ಕೆ ಅವರು ಡುಂಗಾ ಅನ್ನುತ್ತಾರೆ. ಹೊಳೆ ದಾಟುವ ಸುತ್ತಲ ಹಳ್ಳಿಯವರು ಪ್ರತಿ ಸಲ ಕಾಸು ಕೊಡುತ್ತಿರಲಿಲ್ಲ. ಸುಗ್ಗಿ ಮುಗಿದ ಮೇಲೆ ಮನೆಮನೆಯಿಂದ ಇಷ್ಟು ಅಂತ ಧಾನ್ಯ ಹೋಗುತ್ತಿತ್ತು. ನಮ್ಮ ಹಳ್ಳಿಗಳಲ್ಲಿ ಬಡಗಿಗೆ, ಕಮ್ಮಾರನಿಗೆ, ಅಗಸನಿಗೆ ಆಯ ಕೊಡುತ್ತಿರಲಿಲ್ಲವಾ? ಅದೇ ತರಹ. ದೋಣಿ ಇಲ್ಲದ ಹೊತ್ತಿನಲ್ಲಿ ಬೀಸುಬಲೆ, ಗಾಳ, ಬಿದಿರಿನ ಬುಟ್ಟಿ. ದಂಡೆಯಲ್ಲಿ ಒಂದಿಷ್ಟು ಹೊಲ. ಮಳೆಗಾಲ ಶುರುವಾಗುವ ಮೊದಲೂ ಮುಗಿದ ಮೇಲೂ ಹೊಳೆಗೆ ಪೂಜೆ. ಕೋಶಿ ಪೂಜೆ, ಲದಿ ಪೂಜೆ ಅಂತ ಹೆಸರು. ಮದುವೆ ಶಾಸ್ತ್ರಕ್ಕೆ ಮೀನು ಬೇಕು, ಮನೆಯಲ್ಲಿ ಬಟ್ಟಿ ಇಳಿಸಿದ ಹೆಂಡ ಬೇಕು.

ಇದರಲ್ಲಿ ಗಮನಿಸಬೇಕಾದದ್ದು ಏನು? ಮಾಝಿಗಳಿಗೆ ಹೊಳೆ ಮೇಲೆ ಇದ್ದ ಹಕ್ಕು ಬಳಕೆಯಿಂದ ಬಂದದ್ದು. ಯಾವ ಘಾಟು ಯಾವ ಮನೆತನದ್ದು ಅಂತ ಊರಿಗೆಲ್ಲ ಗೊತ್ತಿತ್ತು. ಕಾಗದ ಬೇಕಾಗಿರಲಿಲ್ಲ. ನೆಲದ ವಿಷಯದಲ್ಲೂ ಹೀಗೇ. ಪೂರ್ವ ನೇಪಾಳದಲ್ಲಿ ಕಿಪಟ್ ಅನ್ನೋ ಪದ್ಧತಿ ಇತ್ತು. ಜಮೀನು ಒಬ್ಬ ವ್ಯಕ್ತಿಯದ್ದಲ್ಲ, ಸಮುದಾಯದ್ದು, ಹೊರಗಿನವರಿಗೆ ಮಾರುವಂತಿಲ್ಲ. ನೇಪಾಳದ ಭೂ ಇತಿಹಾಸ ಬರೆದ ಮಹೇಶಚಂದ್ರ ರೇಗ್ಮಿ ಕಿಪಟ್ ಹೊಂದಿದ್ದ ಸಮುದಾಯಗಳ ಪಟ್ಟಿ ಕೊಡುತ್ತಾರೆ, ಲಿಂಬು, ರಾಯಿಗಳ ಜೊತೆ ಮಾಝಿಗಳೂ ಅದರಲ್ಲಿದ್ದಾರೆ. 1960ರ ದಶಕದ ಭೂಸುಧಾರಣೆಯಲ್ಲಿ ಕಿಪಟ್ ಹೋಯಿತು. ಜಮೀನು ವ್ಯಕ್ತಿಗಳ ಹೆಸರಿಗೆ ನೋಂದಣಿ ಆಗಬೇಕಾಯಿತು. ಓದುಬರಹ ಬಲ್ಲವರು ಮಾಡಿಸಿಕೊಂಡರು. ಬಾರದವರು ಕಳೆದುಕೊಂಡರು. ಹೊಳೆಯನ್ನಂತೂ ಯಾರ ಹೆಸರಿಗೂ ಮಾಡಿಸುವ ಪ್ರಶ್ನೆಯೇ ಇರಲಿಲ್ಲ. ಅದು ಸರ್ಕಾರದ್ದಾಯಿತು.

ಮಾಝಿಗಳ ಇವತ್ತಿನ ಎಲ್ಲ ತಕರಾರಿನ ಬೇರು ಇಲ್ಲಿದೆ ಅಂತ ನನಗನ್ನಿಸುತ್ತದೆ. ಪಹಣಿ ಇದ್ದವನಿಗೆ ಪರಿಹಾರ ಇದೆ. ಹೊಳೆಗೆ ಪಹಣಿ ಇಲ್ಲ.

ಸೇತುವೆಯಿಂದ ಶುರು ಮಾಡೋಣ, ಯಾಕೆಂದರೆ ಅದರಲ್ಲಿ ಯಾರನ್ನೂ ದೂರುವ ಹಾಗಿಲ್ಲ. ಸ್ವಿಟ್ಜರ್ಲೆಂಡಿನ ನೆರವು ಮತ್ತು ಊರವರ ಶ್ರಮ ಸೇರಿ ನೇಪಾಳದ ಬೆಟ್ಟಗಳಲ್ಲಿ ಸಾವಿರಾರು ತೂಗುಸೇತುವೆಗಳಾಗಿವೆ. ಮಳೆಗಾಲದಲ್ಲಿ ದೋಣಿ ಮಗುಚಿ ಸಾಯುವುದು ತಪ್ಪಿತು. ಮಕ್ಕಳು ಶಾಲೆಗೆ ಹೋದರು, ಬಸುರಿಯರು ಆಸ್ಪತ್ರೆ ಸೇರಿದರು. ಅವರಲ್ಲಿ ಮಾಝಿ ಮಕ್ಕಳೂ ಇದ್ದರು, ಮಾಝಿ ಹೆಂಗಸರೂ ಇದ್ದರು. ಸೇತುವೆ ಕಿತ್ತುಹಾಕಿ ಅಂತ ಯಾರೂ ಕೇಳುವುದಿಲ್ಲ. ಆದರೆ ಸೇತುವೆ ಆದ ವರ್ಷವೇ ಸುಗ್ಗಿಯ ಧಾನ್ಯ ನಿಂತಿತು. ಅದಕ್ಕೆ ಬದಲಾಗಿ ಏನಾದರೂ ಕೊಡಬೇಕು ಅಂತ ಯಾವ ಯೋಜನೆಯಲ್ಲೂ ಬರೆದಿರಲಿಲ್ಲ. ನಮ್ಮ ಶರಾವತಿ ಹಿನ್ನೀರಿನಲ್ಲಿ 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಉದ್ಘಾಟನೆ ಆದಾಗ ನಾವೆಲ್ಲ ಖುಷಿಪಟ್ಟೆವು. ಲಾಂಚಿಗೆ ಗಂಟೆಗಟ್ಟಲೆ ಕಾದವರಿಗೆ ಆ ಖುಷಿ ಏನು ಅಂತ ಗೊತ್ತು. ಅಲ್ಲಿ ಲಾಂಚ್ ನಡೆಸುತ್ತಿದ್ದದ್ದು ಸರ್ಕಾರ, ಹಾಗಾಗಿ ಹೋಲಿಕೆ ಪೂರ್ತಿ ಕೂಡುವುದಿಲ್ಲ. ದೋಣಿ ಒಂದು ಜಾತಿಯ ಹೊಟ್ಟೆಪಾಡು ಆಗಿದ್ದ ಕಡೆ ಸೇತುವೆ ಬೇರೆಯೇ ಅರ್ಥ ಪಡೆಯುತ್ತದೆ, ಅಷ್ಟೇ.

ದೋಣಿ ಹೋದ ಮೇಲೆ ಉಳಿದದ್ದು ಮೀನು. ಈಗಿನ ಜಗಳ ಅದರದ್ದು.

ನೇಪಾಳಕ್ಕೆ ವಿದ್ಯುತ್ ಬೇಕಿತ್ತು, ಅದು ನಿಜ. 2010ರ ಆಸುಪಾಸಿನಲ್ಲಿ ಕಠ್ಮಂಡುವಿನಲ್ಲೇ ದಿನಕ್ಕೆ ಹತ್ತು-ಹನ್ನೆರಡು ಗಂಟೆ ಕರೆಂಟ್ ಇರುತ್ತಿರಲಿಲ್ಲ, ಕೆಲವು ಚಳಿಗಾಲಗಳಲ್ಲಿ ಅದಕ್ಕಿಂತ ಜಾಸ್ತಿ. ಈಗ ಆ ದೇಶ ಮಾರುವಷ್ಟು ಉತ್ಪಾದಿಸುತ್ತಿದೆ. 2021ರ ಕೊನೆಯಿಂದ ನಮ್ಮ ವಿದ್ಯುತ್ ಮಾರುಕಟ್ಟೆಯಲ್ಲಿ ಮಾರುತ್ತಿದೆ. 2024ರ ಜನವರಿಯಲ್ಲಿ ಹತ್ತು ವರ್ಷದೊಳಗೆ 10,000 ಮೆಗಾವಾಟ್ ಭಾರತಕ್ಕೆ ಕೊಡುವ ಒಪ್ಪಂದವೂ ಆಯಿತು. ಗ್ರಿಡ್ ಒಂದೇ ಆದ್ದರಿಂದ ನಮ್ಮ ಮನೆಯ ಫ್ಯಾನಿಗೆ ಬಂದ ಕರೆಂಟು ಶರಾವತಿಯದ್ದೋ ತಾಮಾಕೋಶಿಯದ್ದೋ ಅಂತ ಹೇಳೋಕೆ ಆಗಲ್ಲ.

ಅಪ್ಪರ್ ತಾಮಾಕೋಶಿಯನ್ನೇ ತೆಗೆದುಕೊಳ್ಳಿ. 456 ಮೆಗಾವಾಟ್, 2021ರಲ್ಲಿ ಶುರುವಾಯಿತು, ನೇಪಾಳದವರು ತಮ್ಮ ದುಡ್ಡಲ್ಲೇ ಕಟ್ಟಿದ್ದೇವೆ ಅಂತ ಹೆಮ್ಮೆಪಡುವ ಯೋಜನೆ. ದೊಡ್ಡ ಜಲಾಶಯ ಇಲ್ಲ. ಹರಿಯುವ ನೀರನ್ನೇ ಸುರಂಗಕ್ಕೆ ತಿರುಗಿಸಿ, ಕೆಳಗೆ ಟರ್ಬೈನ್ ತಿರುಗಿಸಿ, ಮತ್ತೆ ಹೊಳೆಗೆ ಬಿಡುತ್ತಾರೆ. ಮುಳುಗಡೆ ಇಲ್ಲ, ಹಾಗಾಗಿ ತೊಂದರೆಯೂ ಇಲ್ಲ ಅನ್ನಿಸುತ್ತದೆ. ಸ್ವಲ್ಪ ಹತ್ತಿರದಿಂದ ನೋಡಿದರೆ ಲೆಕ್ಕ ಬೇರೆ.

ನೀರು ತಿರುಗಿಸಿದ ಜಾಗಕ್ಕೂ ವಾಪಸ್ ಬಿಡುವ ಜಾಗಕ್ಕೂ ನಡುವೆ ಹೊಳೆ ಬತ್ತುತ್ತದೆ. ಪೂರ್ತಿ ಬತ್ತಬಾರದು ಅಂತ ನೇಪಾಳದ 2001ರ ಜಲವಿದ್ಯುತ್ ನೀತಿಯಲ್ಲಿ ಒಂದು ನಿಯಮ ಇದೆ. ವರ್ಷದಲ್ಲಿ ಅತಿ ಕಡಿಮೆ ನೀರಿರುವ ತಿಂಗಳ ಸರಾಸರಿ ಹರಿವು ಎಷ್ಟೋ, ಅದರ ಶೇ 10ರಷ್ಟನ್ನಾದರೂ ಬಿಡಬೇಕು. ಪರಿಸರ ವರದಿಯಲ್ಲಿ ಅದಕ್ಕಿಂತ ಜಾಸ್ತಿ ಹೇಳಿದ್ದರೆ ಅಷ್ಟು. ಈಗ ಒಂದು ಹೊಳೆ ಊಹಿಸಿಕೊಳ್ಳಿ. ಮಳೆಗಾಲದಲ್ಲಿ ಸೆಕೆಂಡಿಗೆ 200 ಘನ ಮೀಟರ್ ನೀರು. ಮಾಘ-ಫಾಲ್ಗುಣದ ಹೊತ್ತಿಗೆ ಸೊರಗಿ 20. ನಿಯಮದ ಪ್ರಕಾರ ಬಿಡಬೇಕಾದ್ದು 2. ನೆನಪಿಡಿ, ಶೇ 10 ಅಂದರೆ ಹೊಳೆಯ ಹತ್ತನೇ ಒಂದು ಪಾಲಲ್ಲ, ಅದು ತೀರಾ ಬಡವಾದ ದಿನಗಳ ಹತ್ತನೇ ಒಂದು ಪಾಲು. ಎರಡು ಘನ ಮೀಟರ್ ನೀರು ಕಲ್ಲುಗಳ ಸಂದಿಯಲ್ಲಿ ಹರಿಯುತ್ತದೆ. ಬೀಸುಬಲೆ ಎಸೆಯಲು ಸೊಂಟಮಟ್ಟ ನೀರಿನ ಮಡು ಬೇಕು. ಬಲೆ ಗಾಳಿಯಲ್ಲಿ ಬಿಚ್ಚಿಕೊಂಡು ಗುಂಡಗೆ ಬೀಳಬೇಕು, ಅಂಚಿನ ಸೀಸದ ಗುಂಡುಗಳು ತಳ ಮುಟ್ಟುವ ಮೊದಲು ಮೀನು ಒಳಗಿರಬೇಕು. ಪಾದ ಮುಳುಗುವ ನೀರಿನಲ್ಲಿ ಬಲೆ ಕಲ್ಲಿಗೆ ಸಿಕ್ಕಿ ಹರಿಯುತ್ತದೆ, ಅಷ್ಟೇ.

ಇನ್ನೊಂದು, ಅಪ್ಪರ್ ತಾಮಾಕೋಶಿಯದು ನೀರನ್ನು ಕೆಲವು ಗಂಟೆ ಹಿಡಿದಿಟ್ಟು, ಸಂಜೆ ಬೇಡಿಕೆ ಹೆಚ್ಚಿದಾಗ ಬಿಡುವ ವ್ಯವಸ್ಥೆ. ನೀರು ಕಡಿಮೆ ಇರುವ ತಿಂಗಳುಗಳಲ್ಲಿ ವಿದ್ಯುತ್ತಿಗೆ ಇದು ತುಂಬಾ ಲಾಭ. ಆದರೆ ಕೆಳಗಿನ ಹೊಳೆ ದಿನಕ್ಕೊಮ್ಮೆ ಇಳಿಯುತ್ತದೆ, ದಿನಕ್ಕೊಮ್ಮೆ ಉಕ್ಕುತ್ತದೆ. ದಂಡೆಯಂಚಿನ ಮೊಟ್ಟೆ-ಮರಿಗೆ ಇದು ಒಗ್ಗುವುದಿಲ್ಲ. ಹೊಳೆ ಮಧ್ಯೆ ನಿಂತು ಬಲೆ ಹಾಕುವವನಿಗೂ ಒಗ್ಗುವುದಿಲ್ಲ.

ಮೀನಿನ ಕತೆ ಇನ್ನೂ ಉದ್ದ. ಈ ಹೊಳೆಗಳ ರಾಜ ಸಹರ್, ಅಂದರೆ ಬಂಗಾರ ಬಣ್ಣದ ಮಹಶೀರ್. ಇನ್ನೊಂದು ಅಸಲಾ, ತಣ್ಣೀರಿನ ಮೀನು. ಸಹರ್ ಮಳೆಗಾಲದಲ್ಲಿ ಮೊಟ್ಟೆ ಇಡಲು ಮೇಲಕ್ಕೆ ಈಜುತ್ತದೆ. ಅಡ್ಡಗಟ್ಟೆ ಬಂದರೆ ಅಲ್ಲಿಗೇ ನಿಲ್ಲುತ್ತದೆ. ನಮ್ಮ ಕಾವೇರಿಯ ಡುಬ್ಬದ ಮಹಶೀರ್ ಇದೇ ಕುಲದ್ದು, ಅದೂ ಇವತ್ತು ತೀವ್ರ ಅಪಾಯದಲ್ಲಿರುವ ಮೀನುಗಳ ಪಟ್ಟಿಯಲ್ಲಿದೆ. ಕಾಳಿಗಂಡಕಿಯಲ್ಲಿ 2002ರಲ್ಲಿ 144 ಮೆಗಾವಾಟಿನ ಅಣೆಕಟ್ಟು ಆದಾಗ ಮೀನು ಹತ್ತುವ ಮೆಟ್ಟಿಲು ಕಟ್ಟಲಿಲ್ಲ. ಅದರ ಬದಲು ಮರಿ ಸಾಕಿ ಬಿಡುವ ಕೇಂದ್ರ ಮಾಡಿದರು. ಅಲ್ಲಿ ಹೊಳೆದಂಡೆಯಲ್ಲಿದ್ದ ಬೋಟೆ ಕುಟುಂಬಗಳು ಮಾಝಿಗಳ ದಾಯಾದಿಗಳಿದ್ದ ಹಾಗೆ, ಅದೇ ದೋಣಿ, ಅದೇ ಬಲೆ. ಅವರಿಗೆ ಹೊಸ ಮನೆ ಕಟ್ಟಿಕೊಟ್ಟರು. ಮನೆಗೆ ಬೆಲೆ ಕಟ್ಟೋದು ಸುಲಭ, ಅಲ್ವಾ? ಇಷ್ಟು ಚದರ ಅಡಿ, ಇಷ್ಟು ತಗಡು. ಮೀನಿಗೆ ಬೆಲೆ ಕಟ್ಟಲು ಮೊದಲು ವರ್ಷಕ್ಕೆ ಎಷ್ಟು ಹಿಡಿಯುತ್ತಿದ್ದರು ಅಂತ ಯಾರಾದರೂ ಬರೆದಿಟ್ಟಿರಬೇಕು.

ನೇಪಾಳದಲ್ಲಿ ಜಮೀನು ಸ್ವಾಧೀನಕ್ಕೆ ಈಗಲೂ ಆಧಾರ 1977ರ ಕಾನೂನು. ಹೆಸರೇ ಹೇಳುವಂತೆ ಅದು ಜಮೀನಿಗೆ. ಜೊತೆಗೆ ಜಲವಿದ್ಯುತ್ ಕಂಪನಿಗಳು ಸ್ಥಳೀಯರಿಗೆ ಶೇರು ಮೀಸಲಿಡುವ ಪದ್ಧತಿ ಇದೆ. ಕೇಳಲು ಒಳ್ಳೆಯ ಯೋಚನೆ. ಅಪ್ಪರ್ ತಾಮಾಕೋಶಿಯಲ್ಲಿ ಶೇ 10ರಷ್ಟು ಶೇರು ದೋಲಖಾ ಜಿಲ್ಲೆಯವರಿಗೆ ಸಿಕ್ಕಿತು. ಯೋಜನೆ ಇರುವುದು ದೋಲಖಾದಲ್ಲಿ. ಆದರೆ ಹೊಳೆ ದೋಲಖಾದಲ್ಲೇ ನಿಲ್ಲುವುದಿಲ್ಲವಲ್ಲ, ಕೆಳಗೆ ರಾಮೆಛಾಪಿಗೆ ಹರಿಯುತ್ತದೆ, ಮಾಝಿ ಹಳ್ಳಿಗಳು ಸಾಲಾಗಿ ಇರುವುದು ಅಲ್ಲಿ. ನೀರು ಜಿಲ್ಲೆಯ ಗಡಿ ನೋಡುವುದಿಲ್ಲ, ಶೇರು ನೋಡುತ್ತದೆ. ಇನ್ನು ಜಿಲ್ಲೆಯೊಳಗೇ ಇದ್ದರೂ ಶೇರನ್ನು ಸುಮ್ನೆ ಕೊಡುವುದಿಲ್ಲ. ದುಡ್ಡು ಹಾಕಬೇಕು, ಬ್ಯಾಂಕ್ ಖಾತೆ ಇರಬೇಕು, ಪೌರತ್ವದ ಕಾಗದ ಇರಬೇಕು. ದಿನದ ಮೀನು ಮಾರಿ ದಿನದ ಅಕ್ಕಿ ತರುವ ಮನೆಗೆ ಶೇರುಪೇಟೆ ಎಷ್ಟು ದೂರ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಹೋಗಲಿ, ವಿದ್ಯುತ್ ಯೋಜನೆಯಲ್ಲಿ ನೀರು ಕೊನೆಗೆ ಹೊಳೆಗೇ ಬರುತ್ತದೆ. ಇಂದ್ರಾವತಿಗೆ ಸೇರುವ ಮೇಲಮ್‌ಚಿ ಹೊಳೆಯಿಂದ ದಿನಕ್ಕೆ 17 ಕೋಟಿ ಲೀಟರ್ ನೀರನ್ನು ಸುರಂಗದಲ್ಲಿ ಕಠ್ಮಂಡುವಿಗೆ ಒಯ್ಯುವ ಯೋಜನೆ 2021ರಲ್ಲಿ ಮುಗಿಯಿತು. ಆ ನೀರು ಇಂದ್ರಾವತಿಗೆ ಮರಳುವುದಿಲ್ಲ. ಅದೇ ವರ್ಷ ಜೂನ್‌ನಲ್ಲಿ ಭಾರಿ ಪ್ರವಾಹ ಬಂದು ಹೊಳೆಯಿಂದ ನೀರು ತಿರುಗಿಸುವ ಕಟ್ಟೆಯನ್ನೇ ಹೂತುಹಾಕಿತು, ಅದು ಬೇರೆ ವಿಷಯ. ಇನ್ನೂ ದೊಡ್ಡದು ಸುನ್‌ಕೋಶಿ-ಮರಿನ್ ತಿರುವು. ಸಿಂಧುಲಿಯಲ್ಲಿ ಸುನ್‌ಕೋಶಿಗೆ ಅಡ್ಡಕಟ್ಟಿ, 13.3 ಕಿಲೋಮೀಟರ್ ಸುರಂಗದಲ್ಲಿ ಸೆಕೆಂಡಿಗೆ 67 ಘನ ಮೀಟರ್ ನೀರನ್ನು ಮರಿನ್ ಹೊಳೆಗೆ, ಅಲ್ಲಿಂದ ಬಾಗ್ಮತಿಗೆ ಬಿಡುತ್ತಾರೆ. ಸುರಂಗ ಕೊರೆಯುವ ಕೆಲಸ 2024ರ ಮೇ ತಿಂಗಳಲ್ಲಿ ಮುಗಿಯಿತು. ತರಾಯಿಯ, ಅಂದರೆ ನೇಪಾಳದ ದಕ್ಷಿಣದ ಬಯಲುಸೀಮೆಯ, ಐದು ಜಿಲ್ಲೆಗಳ 1.22 ಲಕ್ಷ ಹೆಕ್ಟೇರಿಗೆ ನೀರು ಸಿಗಬೇಕು. ತರಾಯಿಯ ರೈತ ಕೇಳುವುದರಲ್ಲಿ ತಪ್ಪೇನೂ ಇಲ್ಲ, ಅವನೂ ಬಡವನೇ. ನನಗೆ ಕಾಣುವ ತೊಡಕು ಬೇರೆ. ಒಂದು ಕಡೆ ಹೆಕ್ಟೇರ್ ಲೆಕ್ಕ ಖಚಿತವಾಗಿದೆ. ಇನ್ನೊಂದು ಕಡೆ, ಕೆಳಗಿನ ಸುನ್‌ಕೋಶಿಯಲ್ಲಿ ಎಷ್ಟು ಮಡು ಆಳ ಕಳೆದುಕೊಳ್ಳುತ್ತವೆ ಅನ್ನೋದಕ್ಕೆ ಅಳತೆಯೇ ಇಲ್ಲ. ತಕ್ಕಡಿಯ ಒಂದು ತಟ್ಟೆಯಲ್ಲಿ ಮಾತ್ರ ತೂಕದ ಕಲ್ಲು ಇಟ್ಟು ತೂಗಿದ ಹಾಗೆ.

ಮರಳಿನ ಮಾತನ್ನು ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಕರ್ನಾಟಕದ ಓದುಗರಿಗೆ ಅದು ಕಣ್ಣೆದುರಿನ ವಿಷಯ. 2015ರ ಸಂವಿಧಾನದ ನಂತರ ನೇಪಾಳದ ಸ್ಥಳೀಯ ಸಂಸ್ಥೆಗಳಿಗೆ ಮರಳು-ಜಲ್ಲಿ ಒಳ್ಳೆಯ ಆದಾಯವಾಯಿತು. 2021ರ ಬಜೆಟ್ಟಿನಲ್ಲಿ ಕಲ್ಲು, ಮರಳು ರಫ್ತು ಮಾಡುವ ಪ್ರಸ್ತಾಪವೇ ಬಂತು, ಸುಪ್ರೀಂ ಕೋರ್ಟ್ ತಡೆ ಹಾಕಿತು. ಹೊಳೆಯ ತಳ ಹರಾಜಿಗೆ ಬರುತ್ತದೆ. ಅಂದರೆ ಹೊಳೆಗೂ ಬೆಲೆ ಕಟ್ಟಲು ಸರ್ಕಾರಕ್ಕೆ ಬರುತ್ತದೆ ಅಂತಾಯಿತಲ್ಲ!

ಚಿತವನದ ಕಡೆ ಹೋದರೆ ಬೇರೆ ರೀತಿಯ ಬೇಲಿ. 1973ರಲ್ಲಿ ರಾಷ್ಟ್ರೀಯ ಉದ್ಯಾನವಾದ ಮೇಲೆ ನಾರಾಯಣಿ ಹೊಳೆಯಲ್ಲಿ ಮೀನು ಹಿಡಿಯಲು ಬೋಟೆ, ಮಾಝಿ, ಮುಸಹರ್ ಜನ ಪರವಾನಗಿ ತೆಗೆದುಕೊಳ್ಳಬೇಕಾಯಿತು. ಇಲ್ಲದಿದ್ದರೆ ದೋಣಿ, ಬಲೆ ಜಪ್ತಿ. ಖಡ್ಗಮೃಗ ಉಳಿಯಿತು, ಅದು ಸಣ್ಣ ಸಾಧನೆಯಲ್ಲ. ಅಜ್ಜ ಮೀನು ಹಿಡಿದ ನೀರಿನಲ್ಲಿ ಮೊಮ್ಮಗ ಕಳ್ಳನಾದ.

ಭಾರತದ ಕಡೆ ಇದು ಇನ್ನೂ ಮೊದಲೇ ಶುರುವಾಗಿತ್ತು. ಬ್ರಿಟಿಷರ 1878ರ ಉತ್ತರ ಭಾರತ ಕಡವು ಕಾನೂನು ಮುಖ್ಯ ಕಡವುಗಳನ್ನೆಲ್ಲ ಸಾರ್ವಜನಿಕ ಅಂತ ಘೋಷಿಸಿ, ಸುಂಕವನ್ನು ಹರಾಜಿಗೆ ಇಟ್ಟಿತು. ಅಂಥ ಕಡವಿನ ಎರಡು ಮೈಲಿಯೊಳಗೆ ಅಪ್ಪಣೆ ಇಲ್ಲದೆ ಬೇರೆ ಯಾರೂ ಕಡವು ನಡೆಸುವಂತಿಲ್ಲ. ಹರಾಜು ಹಿಡಿಯುವವನು ದುಡ್ಡಿದ್ದವನು, ಹುಟ್ಟು ಹಾಕುವವನು ಅವನ ಕೂಲಿ. ಇಲ್ಲಿ ಜಗಳ ನಿಧಾನವಾಗಿ ಹೊಳೆಯಿಂದ ಕಾಗದಕ್ಕೆ ಬಂದುಬಿಟ್ಟಿದೆ. ಮಧ್ಯಪ್ರದೇಶದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಮಾಝಿ ಅನ್ನೋ ಹೆಸರಿದೆ. ನಾವೂ ಅವರೇ ಅಂತ ಕೇವಟ್, ಢೀಮರ್, ಮಲ್ಲಾಹ್ ಸಮುದಾಯಗಳು ಕೇಳುತ್ತಲೇ ಇವೆ. ಉತ್ತರ ಪ್ರದೇಶದಲ್ಲಿ ನಿಷಾದ್, ಕೇವಟ್ ಮುಂತಾದ ಹದಿನೇಳು ಜಾತಿಗಳನ್ನು ಪರಿಶಿಷ್ಟ ಜಾತಿಗೆ ಸೇರಿಸುವ ಸರ್ಕಾರಿ ಆದೇಶಗಳನ್ನು 2022ರಲ್ಲಿ ಅಲಹಾಬಾದ್ ಹೈಕೋರ್ಟ್ ರದ್ದು ಮಾಡಿತು. ನಮ್ಮಲ್ಲಿ ಕೋಲಿ, ಕಬ್ಬಲಿಗ, ಅಂಬಿಗ, ಬೆಸ್ತ ಸಮುದಾಯಗಳ ಎಸ್‌ಟಿ ಬೇಡಿಕೆ ಕಲಬುರಗಿ ಕಡೆಯವರಿಗೆ ಚುನಾವಣೆ ಬಂದಾಗಲೆಲ್ಲ ಕೇಳಿಸುತ್ತದೆ. 2020ರಲ್ಲಿ ತಳವಾರ, ಪರಿವಾರ ಹೆಸರುಗಳು ನಾಯಕದ ಪರ್ಯಾಯ ಪದಗಳಾಗಿ ಪಟ್ಟಿಗೆ ಸೇರಿದ ಮೇಲೆ ಯಾವ ತಳವಾರ ಅನ್ನೋ ಹೊಸ ಜಗಳ ಹುಟ್ಟಿತು. ಮೀಸಲಾತಿಯಿಂದ ಮಗಳಿಗೆ ಕಾಲೇಜು ಸೀಟು ಸಿಗಬಹುದು, ಅದು ದೊಡ್ಡದು. ಹೊಳೆ ಮೇಲಿನ ಹಕ್ಕು ಅದರಿಂದ ಬರುವುದಿಲ್ಲ.

ಹಾಗಾದರೆ ಬಳಕೆಯ ಹಕ್ಕನ್ನು ಕಾಗದಕ್ಕೆ ತರೋಕೆ ಆಗಲ್ವಾ? ಆಗುತ್ತದೆ. ನೇಪಾಳ 2007ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 169ನೇ ಒಡಂಬಡಿಕೆಗೆ ಸಹಿ ಹಾಕಿದೆ. ಭಾರತ ಹಾಕಿಲ್ಲ. ಅದರ 13ನೇ ವಿಧಿಯಲ್ಲಿ ಭೂಮಿ ಅನ್ನುವುದಕ್ಕೆ ಕೊಟ್ಟ ಅರ್ಥ ಗಮನಿಸಬೇಕು. ಆದಿವಾಸಿಗಳು ವಾಸಿಸುವ ಜಾಗ ಮಾತ್ರ ಅಲ್ಲ, ಬೇರೆ ರೀತಿಯಲ್ಲಿ ಬಳಸುವ ಜಾಗದ ಇಡೀ ಪರಿಸರವೂ ಅದರಲ್ಲಿ ಸೇರುತ್ತದೆ. ಈ ಒಂದು ಸಾಲಿನ ಮೇಲೆ ನಿಂತು ಮಾಝಿಗಳು ಹೊಳೆಯನ್ನು ಕೇಳಬಹುದು. ನಮ್ಮ 2006ರ ಅರಣ್ಯ ಹಕ್ಕು ಕಾಯ್ದೆಯೂ ಕಾಡಿನ ಜಲಮೂಲಗಳ ಮೀನನ್ನು ಸಮುದಾಯದ ಹಕ್ಕು ಅಂತ ಹೆಸರಿಟ್ಟು ಬರೆದಿದೆ. ಕಾಡಿನಾಚೆ ಅದು ನಡೆಯುವುದಿಲ್ಲ. ಆದರೂ ಹೀಗೆ ಬರೆಯಲು ಸಾಧ್ಯ ಅಂತ ತೋರಿಸಿದೆ.

ಮುಂದೆ ಬರುವುದು ಜಲಾಶಯಗಳು. ರಾಮೆಛಾಪ್-ಕಾಭ್ರೆ ನಡುವೆ 683 ಮೆಗಾವಾಟಿನ ಸುನ್‌ಕೋಶಿ-3, ಬಾಂಗ್ಲಾದೇಶವೂ ಆಸಕ್ತಿ ತೋರಿಸಿದ ಯೋಜನೆ. ಅದಕ್ಕಿಂತ ದೊಡ್ಡದು 1940ರ ದಶಕದಿಂದ ಚರ್ಚೆಯಲ್ಲಿರುವ ಸಪ್ತಕೋಶಿ ಎತ್ತರದ ಅಣೆಕಟ್ಟು, ವರಾಹಕ್ಷೇತ್ರದ ಬಳಿ 269 ಮೀಟರ್. ಅದಕ್ಕಾಗಿ ಭಾರತ-ನೇಪಾಳ ಜಂಟಿ ಅಧ್ಯಯನ 2004ರಿಂದ ನಡೆದಿದೆ. ಇವು ಆದರೆ ಮಾಝಿ ಹಳ್ಳಿಗಳು ಮುಳುಗುತ್ತವೆ, ಮೇಲಿನ ದಿಬ್ಬದಲ್ಲಿ ಜಾಗ ಕೊಡುತ್ತಾರೆ ಅಂತಲೇ ಇಟ್ಟುಕೊಳ್ಳೋಣ. ಅಲ್ಲಿಂದ ನೋಡಿದರೆ ಕೆಳಗೆ ಹಿಂದೆಂದೂ ಇಲ್ಲದಷ್ಟು ನೀರು ಕಾಣುತ್ತದೆ. ಆ ನೀರಿನ ಮೀನು ಯಾರದ್ದು?

ಮಧ್ಯಪ್ರದೇಶದ ತವಾ ಜಲಾಶಯದಲ್ಲಿ ಇದೇ ಪ್ರಶ್ನೆ ಬಂದಿತ್ತು. ಮುಳುಗಡೆಯಾದ ಆದಿವಾಸಿಗಳು ಹೋರಾಡಿ 1996ರಲ್ಲಿ ಮೀನಿನ ಹಕ್ಕನ್ನು ತಮ್ಮ ಸಹಕಾರ ಸಂಘಗಳ ಒಕ್ಕೂಟಕ್ಕೆ ಪಡೆದರು. ತವಾ ಮತ್ಸ್ಯ ಸಂಘ ಅಂತ ಹೆಸರು. ತಾವೇ ಮರಿ ಬಿಟ್ಟರು, ಹಿಡಿದರು, ಮಾರಿದರು, 2001ರಲ್ಲಿ ಗುತ್ತಿಗೆ ನವೀಕರಣವೂ ಆಯಿತು. ಐದು ವರ್ಷ ಬಿಟ್ಟು, 2006ರ ಡಿಸೆಂಬರ್‌ನಲ್ಲಿ, ಅದು ಮತ್ತೆ ನವೀಕರಣ ಆಗಲಿಲ್ಲ. ಪಕ್ಕದ ಸಾತ್ಪುರ ಕಾಡು ಅಷ್ಟರಲ್ಲಿ ಹುಲಿ ಮೀಸಲು ಪ್ರದೇಶವಾಗಿತ್ತು.